ಪದ ಪರಿಚಯ: ಮಟ್‌ನ ‘ಪ್ಯಾಟರ್ನ್’

ಮಟ್ ಎಂಬುದು ಟರ್ಮಿನಲ್‌ನಲ್ಲಿ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ) ಓಡುವ ಇಮೇಲ್ ಪ್ರೋಗ್ರಾಂ. ಮೈಕೆಲ್ ಎಲ್ಕಿನ್ಸ್ 1995ರಲ್ಲಿ ಇದನ್ನು ಬರೆಯಲು ಶುರು ಮಾಡಿದರು. ಬಟನ್ ಇಲ್ಲ, ಚಿತ್ರಗಳಿಲ್ಲ. ಬಂದ ಮೇಲ್‌ಗಳೆಲ್ಲ ಅಕ್ಷರದ ಸಾಲುಗಳಾಗಿ ಕಾಣುತ್ತವೆ. ಹೊಸಬರು ಸಾಮಾನ್ಯವಾಗಿ ಅದರ ಸೆಟ್ಟಿಂಗ್ ಫೈಲ್ ‘.ಮಟ್‌ಆರ್‌ಸಿ’ಯನ್ನು ತೆರೆದು, ಅಲ್ಲಿನ ನೂರಾರು ಆಯ್ಕೆಗಳನ್ನು ಕಂಡು ಕಂಗಾಲಾಗುತ್ತಾರೆ. ಅದಕ್ಕೂ ಮೊದಲು ಪ್ಯಾಟರ್ನ್ ಎಂಬ ಒಂದು ಪದವನ್ನು ತಿಳಿದುಕೊಳ್ಳಿ ಎನ್ನುತ್ತೇನೆ ನಾನು. ಅದು ಕೈವಶವಾದರೆ ಫೈಲಿನ ಅರ್ಧ ಭಾಗ ತಾನಾಗಿಯೇ ಅರ್ಥವಾಗುತ್ತದೆ.

ಪ್ಯಾಟರ್ನ್‌ಗೆ ‘ಮಾದರಿ’, ‘ವಿನ್ಯಾಸ’ ಎಂಬ ಪದಗಳಿವೆ. ಇಲ್ಲಿ ಎರಡೂ ಹೊಂದುವುದಿಲ್ಲ, ‘ಷರತ್ತು’ ಎಂಬುದೇ ಹತ್ತಿರ. ಮಟ್ ಒಂದೊಂದೇ ಮೇಲ್‌ನ ಮುಂದೆ ಆ ಷರತ್ತನ್ನು ಇಟ್ಟು, ಇದಕ್ಕೆ ಒಪ್ಪುತ್ತದೋ ಇಲ್ಲವೋ ಎಂದು ನೋಡುತ್ತದೆ.

ಷರತ್ತು ಬರೆಯುವ ಕ್ರಮ ಸುಲಭ: ಟಿಲ್ಡೆ (~) ಚಿಹ್ನೆ, ಒಂದು ಅಕ್ಷರ, ಬೇಕಿದ್ದರೆ ಹುಡುಕುವ ಪದ. ಇಲ್ಲಿ ಅಕ್ಷರಗಳನ್ನು ಕನ್ನಡದಲ್ಲಿ ಬರೆದಿದ್ದೇನೆ, ಒತ್ತಬೇಕಾದದ್ದು ಇಂಗ್ಲಿಷ್ ಕೀಲಿಯನ್ನೇ. ಸಣ್ಣ ‘~ಎಫ್’ ಕಳಿಸಿದವರನ್ನು, ‘~ಟಿ’ ಯಾರಿಗೆ ಎಂಬುದನ್ನು, ‘~ಸಿ’ ಪ್ರತಿ (ಸಿಸಿ) ಯಾರಿಗೆ ಎಂಬುದನ್ನು, ‘~ಎಸ್’ ವಿಷಯದ ಸಾಲನ್ನು, ‘~ಬಿ’ ಮೇಲ್‌ನ ಒಡಲನ್ನು ನೋಡುತ್ತವೆ. ದೊಡ್ಡಕ್ಷರ ಬಂದರೆ ಅರ್ಥವೇ ಬೇರೆ: ಸಣ್ಣ ‘~ಎಫ್’ ಕಳಿಸಿದವರಾದರೆ, ದೊಡ್ಡದು ನೀವು ಗುರುತು ಹಾಕಿಟ್ಟ ಮುಖ್ಯ ಮೇಲ್. ಸಣ್ಣ ‘~ಪಿ’ ನಿಮಗೆ ಬಂದದ್ದು, ದೊಡ್ಡದು ನೀವೇ ಬರೆದದ್ದು.

ಹುಡುಕಲು ‘/’ ಒತ್ತಿ ಬರೀ ‘ಇನ್‌ವಾಯ್ಸ್’ ಎಂದು ಬರೆದರೂ ಮಟ್ ಸುಮ್ಮನಿರುವುದಿಲ್ಲ. ಒಳಗೊಳಗೇ ಅದನ್ನು ‘~ಎಫ್ ಇನ್‌ವಾಯ್ಸ್ | ~ಎಸ್ ಇನ್‌ವಾಯ್ಸ್’ ಎಂದು ಹಿಗ್ಗಿಸಿಕೊಳ್ಳುತ್ತದೆ. ಕಳಿಸಿದವರ ಹೆಸರಿನಲ್ಲಾಗಲಿ ವಿಷಯದಲ್ಲಾಗಲಿ ಆ ಪದ ಇರಬೇಕು ಎಂದರ್ಥ. ಮೇಲ್‌ನ ಒಳಗೆ ಕಣ್ಣೆದುರಿಗೇ ಇರುವ ಪದ ಸಿಗುತ್ತಿಲ್ಲ ಎಂದು ಗೊಣಗುವವರು ಎಡವುವುದು ಇಲ್ಲೇ; ಒಡಲಿನಲ್ಲಿ ಹುಡುಕಲು ‘~ಬಿ’ ಹಾಕಲೇಬೇಕು.

ಷರತ್ತುಗಳನ್ನು ಪಕ್ಕಪಕ್ಕ ಬರೆದರೆ ‘ಮತ್ತು’. ನಡುವೆ ನೆಟ್ಟಗೆ ಗೀಟು ಎಳೆದರೆ ‘ಅಥವಾ’. ಆಶ್ಚರ್ಯಸೂಚಕ ಬಂದರೆ ‘ಅಲ್ಲ’. ಇವುಗಳಲ್ಲಿ ‘ಮತ್ತು’ವಿನ ಹಿಡಿತ ‘ಅಥವಾ’ಕ್ಕಿಂತ ಬಿಗಿ. ಹಾಗಾಗಿ ‘~ಟಿ ಅಡ್ಮಿನ್ | ~ಸಿ ಅಡ್ಮಿನ್ ~ಎಫ್ ಲೀಲಾ’ ಎಂದು ಬರೆದರೆ ಅಡ್ಮಿನ್‌ಗೆ ನೇರವಾಗಿ ಬಂದದ್ದೆಲ್ಲವೂ, ಯಾರೇ ಕಳಿಸಿರಲಿ, ಒಳಗೆ ನುಗ್ಗುತ್ತದೆ. ಲೀಲಾ ಕಳಿಸಿದ್ದು ಮಾತ್ರ ಬೇಕೆಂದರೆ ಮೊದಲೆರಡನ್ನು ಆವರಣದೊಳಗೆ ಹಾಕಿ: ‘(~ಟಿ ಅಡ್ಮಿನ್ | ~ಸಿ ಅಡ್ಮಿನ್) ~ಎಫ್ ಲೀಲಾ’.

ದಿನಾಂಕದ ‘~ಡಿ’ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ‘~ಡಿ <1ಡಬ್ಲ್ಯು’ ಎಂದರೆ ವಾರಕ್ಕಿಂತ ಕಡಿಮೆ ವಯಸ್ಸಿನ ಮೇಲ್, ‘~ಡಿ >1ಎಂ’ ಎಂದರೆ ತಿಂಗಳಿಗಿಂತ ಹಳೆಯದು. ಚಿಹ್ನೆ ಅಳೆಯುವುದು ತಾರೀಖನ್ನಲ್ಲ, ಮೇಲ್‌ನ ವಯಸ್ಸನ್ನು ಎಂದು ನೆನಪಿಟ್ಟುಕೊಂಡರೆ ಗೊಂದಲವಿಲ್ಲ.

ಪದವನ್ನು ಪೂರ್ತಿ ಸಣ್ಣಕ್ಷರದಲ್ಲಿ ಬರೆದರೆ ಮಟ್ ದೊಡ್ಡ–ಸಣ್ಣ ಭೇದ ಮಾಡುವುದಿಲ್ಲ, ಒಂದೇ ಒಂದು ದೊಡ್ಡಕ್ಷರ ಇದ್ದರೂ ಮಾಡುತ್ತದೆ. ಕನ್ನಡಕ್ಕೆ ಈ ರಗಳೆ ಇಲ್ಲ. ನಮಗಿರುವ ತೊಡಕು ಬೇರೆ. ಕನ್ನಡದ ಮೇಲ್ ಎಷ್ಟೋ ಸಲ ಬೇಸ್64ರಂಥ ಸಂಕೇತದಲ್ಲಿ ಸುತ್ತಿಕೊಂಡು ಬರುತ್ತದೆ, ಅದರೊಳಗೆ ನಮ್ಮ ಅಕ್ಷರಗಳು ಹಾಗೇ ಕಾಣುವುದಿಲ್ಲ. ‘ಥರೋ ಸರ್ಚ್’ ಎಂಬ ಸೆಟ್ಟಿಂಗ್ ಆನ್ ಆಗಿದ್ದರೆ ಮಟ್ ಮೊದಲು ಸಂಕೇತ ಬಿಚ್ಚಿ ಆಮೇಲೆ ಹುಡುಕುತ್ತದೆ. ಆಫ್ ಆಗಿದ್ದರೆ ಅಂಥ ಮೇಲ್‌ನ ಒಡಲಲ್ಲಿ ಕನ್ನಡ ಪದ ಸಿಗುವುದಿಲ್ಲ. ಕನ್ನಡದಲ್ಲಿ ಪತ್ರವ್ಯವಹಾರ ಮಾಡುವವರು .ಮಟ್‌ಆರ್‌ಸಿಯಲ್ಲಿ ಇದೊಂದನ್ನು ಖಂಡಿತ ನೋಡಿಕೊಳ್ಳಬೇಕು.

ಈ ಒಂದೇ ಷರತ್ತು ಎಷ್ಟು ಕಡೆ ಕೆಲಸಕ್ಕೆ ಬರುತ್ತದೆ ಎಂಬುದೇ ನನಗೆ ಮಟ್ ಹಿಡಿಸಲು ಕಾರಣ. ಸಣ್ಣ ‘ಎಲ್’ ಒತ್ತಿ ಕೊಟ್ಟರೆ ಒಪ್ಪಿದ ಮೇಲ್‌ಗಳಷ್ಟೇ ಪಟ್ಟಿಯಲ್ಲಿ ಉಳಿಯುತ್ತವೆ. ಮಿಕ್ಕವು ಮರೆಯಾಗುತ್ತವೆ, ಅಳಿಯುವುದಿಲ್ಲ. ದೊಡ್ಡ ‘ಟಿ’ ಒಪ್ಪಿದವನ್ನು ಒಟ್ಟಿಗೆ ಆರಿಸಿಡುತ್ತದೆ. ದೊಡ್ಡ ‘ಡಿ’ ಅಳಿಸಲು ಚೀಟಿ ಅಂಟಿಸುತ್ತದೆ. ‘$’ ಒತ್ತಿದಾಗಲೋ ಪೆಟ್ಟಿಗೆಯಿಂದ ಹೊರಗೆ ಬರುವಾಗಲೋ ಅವು ನಿಜವಾಗಿ ಹೋಗುತ್ತವೆ. ಅಳಿಸುವ ಮುಂಚೆ ಅದೇ ಷರತ್ತನ್ನು ‘ಎಲ್’ಗೆ ಕೊಟ್ಟು ಪಟ್ಟಿಯನ್ನು ಒಮ್ಮೆ ಕಣ್ಣಾರೆ ನೋಡುವುದು ನನ್ನ ರೂಢಿ. ತಪ್ಪಾಗಿ ಒಳಬಂದ ಒಂದೆರಡು ಮೇಲ್ ಹೀಗೆ ಎಷ್ಟೋ ಸಲ ಉಳಿದಿವೆ.

ಸೆಟ್ಟಿಂಗ್ ಫೈಲಿನಲ್ಲೂ ಇದೇ ವ್ಯಾಕರಣ. ಪಟ್ಟಿಯಲ್ಲಿ ಓದದ ಮೇಲ್‌ಗೆ ಬಣ್ಣ ಕೊಡುವ ‘ಕಲರ್’ ಸಾಲಿಗೂ, ಇಂಥವರಿಗೆ ಬರೆಯುವಾಗ ಇಂಥ ಸಹಿ ಇರಲಿ ಎನ್ನುವ ‘ಸೆಂಡ್-ಹುಕ್’ಗೂ ಷರತ್ತು ಬೇಕು. ನಡುವೆ ಖಾಲಿ ಜಾಗ ಇದ್ದರೆ ಇಡೀ ಷರತ್ತನ್ನು ಉದ್ಧರಣ ಚಿಹ್ನೆಯೊಳಗೆ ಹಾಕಬೇಕು. ಇನ್ನೊಂದು: ಹುಕ್ ಒಮ್ಮೆ ಬದಲಿಸಿದ ಸೆಟ್ಟಿಂಗ್ ಆ ಮೇಲ್ ಹೋದ ಮೇಲೂ ಹಾಗೇ ಉಳಿಯುತ್ತದೆ. ಆದ್ದರಿಂದ ಎಲ್ಲ ಮೇಲ್‌ಗೂ ಒಪ್ಪುವ ದೊಡ್ಡಕ್ಷರದ ‘~ಎ’ಗೆ ಮಾಮೂಲಿ ಸಹಿಯನ್ನು ಕಟ್ಟಿ ಮೊದಲ ಸಾಲಿನಲ್ಲಿ ಇಡಿ. ವಿಶೇಷ ಷರತ್ತುಗಳು ಅದರ ಕೆಳಗೆ ಬರಲಿ.