ಗುದದ್ವಾರದಲ್ಲಿ ಥರ್ಮಾಮೀಟರ್: ಯಾರಿಗೆ ಬೇಕು, ಯಾರಿಗೆ ಬೇಡ್ವೇ ಬೇಡ

ಜ್ವರ ನೋಡೋಕೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಡ್ತಾರೆ ಅಂದ್ರೆ ಮುಖ ಸಿಂಡರಿಸೋರೇ ಜಾಸ್ತಿ, ಕಂಕುಳಲ್ಲಿಟ್ರೆ ಆಗಲ್ವಾ ಅಂತ ಕೇಳ್ತಾರೆ. ಬಹಳಷ್ಟು ಸಲ ಆಗುತ್ತೆ. ಆದ್ರೆ ಕಂಕುಳಲ್ಲಿ ಸಿಗೋದು ಚರ್ಮದ ಬಿಸಿ, ಜ್ವರ ಏರ್ತಿರೋವಾಗ ದೇಹ ಚರ್ಮದ ರಕ್ತನಾಳಗಳನ್ನ ಕಿರಿದು ಮಾಡಿ ಬಿಸಿನೆಲ್ಲ ಒಳಗೇ ಹಿಡಿದಿಟ್ಕೊಳ್ಳುತ್ತೆ, ಅದಕ್ಕೇ ಹಣೆ ಸುಡ್ತಿದ್ರೂ ಕೈಕಾಲು ತಣ್ಣಗಿರೋದು. ಗುದನಾಳ ದೇಹದ ಒಳಗಡೆ ಇರೋದ್ರಿಂದ ಗಾಳಿ, ಬೆವರು, ಈಗ ತಾನೇ ಕುಡಿದ ಬಿಸಿನೀರು ಯಾವುದೂ ಅಲ್ಲಿಗೆ ಮುಟ್ಟಲ್ಲ. ಅಲ್ಲಿನ ರೀಡಿಂಗ್ ಸಾಮಾನ್ಯವಾಗಿ ಬಾಯಿಗಿಂತ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಹೆಚ್ಚೇ ಇರುತ್ತೆ.

ಈ ಅರ್ಧ ಡಿಗ್ರಿ ದೊಡ್ಡೋರಿಗೆ ಅಷ್ಟೇನೂ ಮುಖ್ಯ ಅಲ್ಲ, ಮೂರು ತಿಂಗಳೊಳಗಿನ ಪಾಪುಗೆ ತುಂಬಾ ಮುಖ್ಯ. ಆ ವಯಸ್ಸಲ್ಲಿ ರೋಗನಿರೋಧಕ ಶಕ್ತಿ ಇನ್ನೂ ಬಲಿತಿರಲ್ಲ, ರಕ್ತದಲ್ಲೋ ಮೂತ್ರದಲ್ಲೋ ಸೋಂಕಿದ್ರೂ ಜ್ವರ ಒಂದು ಬಿಟ್ಟು ಬೇರೆ ಲಕ್ಷಣ ಕಾಣದೇ ಇರಬಹುದು. ಅದಕ್ಕೇ 38 ಡಿಗ್ರಿ ಸೆಲ್ಸಿಯಸ್, ಅಂದ್ರೆ 100.4 ಫ್ಯಾರನ್‌ಹೀಟ್ ಮುಟ್ತು ಅಂದ್ರೆ ಬೆಳಗಾಗ್ಲಿ ಅಂತ ಕಾಯದೆ ಡಾಕ್ಟರ್ ಹತ್ರ ಹೋಗ್ಬೇಕು. ಮೈ ತಣ್ಣಗಾಗಿ 36ರ ಕೆಳಗೆ ಇಳಿದ್ರೂ ಅಷ್ಟೇ ಅವಸರ. ಇಲ್ಲೊಂದು ಮಜಾ ಇದೆ, ಅಮೆರಿಕದ ಮಕ್ಕಳ ವೈದ್ಯರು ಇಷ್ಟು ಚಿಕ್ಕ ಪಾಪುಗಳಿಗೆ ಗುದದ್ವಾರದ ರೀಡಿಂಗೇ ನಂಬಿಕಸ್ಥ ಅಂತಾರೆ, ಬ್ರಿಟನ್ನಿನಲ್ಲಿ ಚಿಕಿತ್ಸೆಗೆ ಮಾರ್ಗಸೂಚಿ ಕೊಡೋ ನೈಸ್ ಸಂಸ್ಥೆ ಮಾತ್ರ ಐದು ವರ್ಷದೊಳಗಿನ ಮಕ್ಕಳಿಗೆ ಅದನ್ನ ಮಾಮೂಲಾಗಿ ಮಾಡ್ಬೇಡಿ, ನಾಲ್ಕು ವಾರದೊಳಗಿನ ಕೂಸಿಗೆ ಕಂಕುಳಲ್ಲೇ ನೋಡಿ ಅನ್ನುತ್ತೆ. ನನ್ನ ಕೇಳಿದ್ರೆ, ಕಂಕುಳಲ್ಲಿ ನೋಡಿ ಅನುಮಾನ ಬಂದ್ರೆ, ಮಾಡೋಕೆ ಗೊತ್ತಿದ್ರೆ ಮಾತ್ರ, ಇದಕ್ಕೆ ಕೈ ಹಾಕೋದು ಒಳ್ಳೇದು.

ಮಾಡೋ ರೀತಿಗೆ ಬಂದ್ರೆ, ಗಾಜಿನ ಪಾದರಸದ್ದು ಬೇಡ್ವೇ ಬೇಡ, ಒಡೆದ್ರೆ ಕಥೆ ಮುಗೀತು. ತುದಿ ಬಾಗೋ ಡಿಜಿಟಲ್ ಥರ್ಮಾಮೀಟರ್ ತಗೊಳ್ಳಿ, ಸೋಪ್ ನೀರಲ್ಲಿ ತೊಳೆದು ತುದಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಪಾಪುನ ಅಂಗಾತ ಮಲಗಿಸಿ ಎರಡೂ ಕಾಲು ಮೇಲೆತ್ತಿ ಹಿಡೀರಿ, ಇಲ್ಲಾಂದ್ರೆ ತೊಡೆ ಮೇಲೆ ಬೋರಲು ಹಾಕ್ಕೊಳ್ಳಿ. ಆರು ತಿಂಗಳೊಳಗಿನ ಕೂಸಿಗೆ ಒಳಗೆ ಹೋಗ್ಬೇಕಾದ್ದು ಬರೀ ಅರ್ಧ ಇಂಚು, ಅಂದ್ರೆ ಬೆಳ್ಳಗಿರೋ ಲೋಹದ ತುದಿ ಮರೆಯಾಗೋಷ್ಟು. ಇನ್ನು ದೊಡ್ಡ ಮಕ್ಕಳಿಗೂ ಒಂದಿಂಚು ದಾಟ್ಬಾರ್ದು, ಎಲ್ಲಾದ್ರೂ ತಡೆದಂಗಾದ್ರೆ ಒತ್ತದೆ ಅಲ್ಲೇ ನಿಲ್ಲಿಸಿ. ಮುಖ್ಯವಾದ್ದು ಕೈ ಇಡೋ ರೀತಿ, ಥರ್ಮಾಮೀಟರನ್ನ ಎರಡು ಬೆರಳಲ್ಲಿ ಹಿಡಿದು ಅಂಗೈನ ಪಾಪುವಿನ ಕುಂಡಿಗೆ ಆನಿಸಿಟ್ರೆ ಪಾಪು ಕೊಸರಾಡಿದಾಗ ಕೈಯೂ ಅದರ ಜೊತೆಗೇ ಹೋಗುತ್ತೆ, ಒಳಗೆ ಚುಚ್ಚಲ್ಲ. ಬೀಪ್ ಅನ್ನೋವರೆಗೂ ಕೈ ಬಿಡ್ಬೇಡಿ. ಅಷ್ಟರಲ್ಲಿ ಪಾಪು ಕಕ್ಕ ಮಾಡೋ ಚಾನ್ಸ್ ಜೋರಾಗೇ ಇದೆ, ಕೆಳಗೆ ಬಟ್ಟೆ ಹಾಕಿರಿ. ಆಮೇಲೆ ತೊಳೆದು ಅದರ ಮೇಲೆ ‘ಗುದದ್ವಾರಕ್ಕೆ ಮಾತ್ರ’ ಅಂತ ಬರೆದಿಡಿ, ನಾಳೆ ಯಾರೋ ಅದನ್ನೇ ಬಾಯಿಗಿಟ್ಕೊಂಡಾರು.

ದೊಡ್ಡೋರಿಗೆ ಇದು ಬೇಕಾಗೋದು ಅಪರೂಪ. ಎಡಗಡೆ ಮಗ್ಗುಲಾಗಿ ಮಂಡಿ ಮಡಚಿ ಮಲಗಿಸಿ, ಸುಮಾರು ಒಂದಿಂಚು. ನಿಜವಾಗಿ ಉಪಯೋಗಕ್ಕೆ ಬರೋದು ಬಿಸಿಲಲ್ಲಿ ಓಡಿ ಕುಸಿದು ಬಿದ್ದ ಓಟಗಾರರಿಗೆ, ಬೆವರಿದ ಹಣೆ, ಕಿವಿ, ಕಂಕುಳು ಎಲ್ಲ ಕಮ್ಮಿ ತೋರಿಸ್ತಿದ್ರೂ ಒಳಗೆ 40 ಡಿಗ್ರಿ ದಾಟಿರಬಹುದು, ಆಗ ತಕ್ಷಣ ತಣ್ಣೀರಲ್ಲಿ ಮುಳುಗಿಸ್ಬೇಕು. ಹಾಗಂತ ಇದೂ ಪರ್ಫೆಕ್ಟ್ ಅಲ್ಲ, ದೇಹದ ಬಿಸಿ ಬೇಗ ಬೇಗ ಬದಲಾಗ್ತಿದ್ರೆ ಗುದನಾಳದ ರೀಡಿಂಗ್ ಸ್ವಲ್ಪ ಹಿಂದೆ ಬೀಳುತ್ತೆ.

ಕ್ಯಾನ್ಸರ್‌ಗೆ ಕೀಮೋ ಚಿಕಿತ್ಸೆ ನಡೀತಿದ್ದು ಬಿಳಿ ರಕ್ತಕಣ ಕಮ್ಮಿ ಇರೋರಿಗೆ ಇದು ಬೇಡ್ವೇ ಬೇಡ, ಸಣ್ಣ ಗೀರಿಂದಲೇ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತೆ. ಪ್ಲೇಟ್ಲೆಟ್ ಕಮ್ಮಿ ಇರೋರು, ಆ ಜಾಗದಲ್ಲಿ ಆಪರೇಷನ್ ಆದೋರು, ರಕ್ತ ಬರೋ ಪೈಲ್ಸ್, ಬೇಧಿ, ದಿನ ತುಂಬದೆ ಹುಟ್ಟಿದ ಕೂಸು, ಇವರಿಗೆಲ್ಲ ಕಂಕುಳೇ ಸಾಕು.