ಗುಲಗಂಜಿ ಹುಳುವಿಗೆ ಹೆಸರಿದೆ, ಅದರ ಮರಿಗಿಲ್ಲ

ರಾಯಚೂರು, ಸಿರುಗುಪ್ಪ ಕಡೆ ಹತ್ತಿ ಹೊಲದಲ್ಲಿ ಎಲೆ ಮಗುಚಿ ನೋಡಿದರೆ ಕೆಂಪು ಬೆನ್ನಿನ, ಕಪ್ಪು ಗುರುತಿನ ಪುಟ್ಟ ಹುಳು ಸಿಗುತ್ತದೆ. ಗುಲಗಂಜಿ ಹುಳು. ಅಕ್ಕಸಾಲಿಗರು ಬಂಗಾರ ತೂಗುತ್ತಿದ್ದ ಬೀಜದ ಹೆಸರು, ಬಣ್ಣ ನೋಡಿದರೆ ಯಾಕೆ ಅಂತ ಹೇಳಬೇಕಾಗಿಲ್ಲ. ಆದರೆ ಈ ಹೆಸರು ಕೃಷಿ ಕರಪತ್ರಗಳಲ್ಲಿ ಇರುವಷ್ಟು ಹೊಲದಲ್ಲಿಲ್ಲ. ಅಲ್ಲಿ ಕೇಳಿದರೆ "ಅದಾ? ಹುಳರೀ ಅದು" ಅನ್ನುವವರೇ ಜಾಸ್ತಿ. ಹುಳ ಅಂದಮೇಲೆ ಎಣ್ಣೆ ಹೊಡೆಯಲೇಬೇಕು, ಅಲ್ವಾ? ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಅಂತಲೇ ಹೆಸರು.

ಯುರೋಪಿನಲ್ಲಿ ಇದರ ಕಥೆಯೇ ಬೇರೆ. ಇಂಗ್ಲಿಷಿನಲ್ಲಿ ಇದು ಲೇಡಿಬರ್ಡ್, ಅದರಲ್ಲಿರುವ ಲೇಡಿ ಏಸುವಿನ ತಾಯಿ ಮೇರಿ. ಹಳೆಯ ಚಿತ್ರಗಳಲ್ಲಿ ಆಕೆಗೆ ಕೆಂಪು ಹೊದಿಕೆ ಇರುತ್ತಿತ್ತು, ಹುಳುವಿನ ಏಳು ಚುಕ್ಕೆಗಳನ್ನು ಆಕೆಯ ಏಳು ಸಂತೋಷ, ಏಳು ದುಃಖಕ್ಕೆ ಜೋಡಿಸಿದರು. ಜರ್ಮನರಿಗೆ ಇದು ಮೇರಿಯ ದುಂಬಿ, ರಷ್ಯನ್ನರಿಗೆ ದೇವರ ಪುಟ್ಟ ಹಸು. ಅಮೆರಿಕದಲ್ಲಿ ಲೇಡಿಬಗ್ ಆಯಿತು. 1758ರಲ್ಲಿ ಜೀವಿಗಳಿಗೆ ಲ್ಯಾಟಿನ್ ಹೆಸರಿಡುತ್ತಿದ್ದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಕೂಡ ಕಡುಗೆಂಪು ಅನ್ನುವ ಲ್ಯಾಟಿನ್ ಪದದಿಂದಲೇ ಕಾಕ್ಸಿನೆಲ್ಲಾ ಅಂತ ಕರೆದ.

ಇವರೆಲ್ಲ ನೋಡಿದ್ದು ದೊಡ್ಡ ಹುಳುವಿನ ಬೆನ್ನನ್ನು. ಮರಿಯನ್ನು ಯಾರೂ ಕರೆಯಲೇ ಇಲ್ಲ. ಅದು ಕಪ್ಪಗೆ, ಉದ್ದಕ್ಕೆ, ಆರು ಕಾಲಿನ ಚಿಕ್ಕ ಮೊಸಳೆಯ ಹಾಗಿರುತ್ತದೆ, ಮೈಮೇಲೆ ಅಲ್ಲಲ್ಲಿ ಹಳದಿ ಮಚ್ಚೆ. ಎಲೆಯ ಕೆಳಗೆ ಗಿಡದ ರಸ ಹೀರುವ ಹೇನನ್ನು ಬಾಯಲ್ಲಿ ಕಚ್ಚಿ ಹಿಡಿದು, ತಿಂದು, ಮುಂದಿನದಕ್ಕೆ ಹೋಗುತ್ತದೆ. ಕೋಶ ಕಟ್ಟುವ ಮೊದಲು ಹೀಗೆ ನೂರಾರು ಹೇನು ಮುಗಿಸುತ್ತದೆ. ನೋಡಲು ಚೆಂದವಿಲ್ಲ, ಹಾಗಾಗಿ ಕಂಡ ಕೂಡಲೇ ಹೊಸಕಿ ಹಾಕುತ್ತಾರೆ.

ಈ ಹುಳುವಿಗೆ ಹಣದ ಬೆಲೆ ಬಂದದ್ದು 1888ರ ನಂತರ. ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳು ಗಿಡಕ್ಕೆ ಅಂಟಿಕೊಂಡು ರಸ ಹೀರುವ ಒಂದು ಬಿಳಿ ಶಲ್ಕ ಕೀಟದಿಂದ ಹಾಳಾಗುತ್ತಿದ್ದವು. ಆಲ್ಬರ್ಟ್ ಕೋಬೆಲೆ ಅನ್ನುವ ಕೀಟ ವಿಜ್ಞಾನಿ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿಂದ ಕಳಿಸಿದ ವೆಡಾಲಿಯಾ ಅನ್ನುವ ಗುಲಗಂಜಿ ಹುಳು ಬೇಗನೇ ಅದನ್ನು ಹತೋಟಿಗೆ ತಂದಿತು. ಅದಾದ ಹತ್ತೇ ವರ್ಷಕ್ಕೆ, 1898ರಲ್ಲಿ, ಇಂಡಿಯಾಕ್ಕೂ ಆಸ್ಟ್ರೇಲಿಯಾದಿಂದ ಇನ್ನೊಂದು ಗುಲಗಂಜಿ ಹುಳು ಬಂತು, ಕ್ರಿಪ್ಟೋಲೀಮಸ್. ತಂದದ್ದು ಕಾಫಿಯ ಹಸಿರು ಶಲ್ಕ ಕೀಟಕ್ಕೆ, ಅಲ್ಲಿ ಕೆಲಸ ಆಗಲಿಲ್ಲ. ಆದರೆ ಮೈಮೇಲೆ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗಿರುವ, ಗಿಡದ ರಸ ಹೀರುವ ಹಿಟ್ಟು ತಿಗಣೆ ಸಿಕ್ಕರೆ ಬಿಡುವುದಿಲ್ಲ. ಈಗ ದ್ರಾಕ್ಷಿ, ದಾಳಿಂಬೆ ತೋಟಗಳಿಗೆ ಬಿಡುವುದಕ್ಕೆ ಇದನ್ನು ಸಾಕುತ್ತಾರೆ. ಮಜಾ ಏನೆಂದರೆ ಇದರ ಮರಿ ಬಿಳಿ ಮೇಣ ಹೊದ್ದು ಥೇಟ್ ಹಿಟ್ಟು ತಿಗಣೆಯ ಹಾಗೇ ಕಾಣುತ್ತದೆ. ಕುಷ್ಟಗಿ ಕಡೆ ದಾಳಿಂಬೆ ಬೆಳೆಯುವವರು ದುಡ್ಡು ಕೊಟ್ಟು ತಂದು ಬಿಟ್ಟರೂ, ಗೊತ್ತಿಲ್ಲದೆ ಅದನ್ನೇ ತಿಕ್ಕಿ ಹಾಕುವುದು ಸುಲಭ.

ಗುಲಗಂಜಿ ಹುಳುಗಳೆಲ್ಲವೂ ಒಳ್ಳೆಯವೂ ಅಲ್ಲ. ಬದನೆ ಎಲೆಯನ್ನು ಕೆರೆದು ಬರೀ ನರ ಉಳಿಸುವ ಇಪ್ಪತ್ತೆಂಟು ಚುಕ್ಕೆಯ ದುಂಬಿ ಇದೇ ಕುಟುಂಬದ್ದು. ಬೆನ್ನು ಮಿರುಗುವುದಿಲ್ಲ, ಸಣ್ಣ ರೋಮ ಇರುತ್ತದೆ. ಮರಿ ಹಳದಿ, ಮೈತುಂಬ ಕವಲೊಡೆದ ಮುಳ್ಳು. ಬದನೆಯಲ್ಲಿ ಇದನ್ನು ಕಂಡವರು ಹತ್ತಿಯಲ್ಲಿ ಇನ್ನೊಂದನ್ನು ನಂಬುವುದು ಕಷ್ಟವೇ.

2002ರಲ್ಲಿ ಕಾಯಿಕೊರಕವನ್ನು ತಾನೇ ಕೊಲ್ಲುವ ಹಾಗೆ ತಳಿ ಮಾರ್ಪಡಿಸಿದ ಬಿಟಿ ಹತ್ತಿ ಬಂದಾಗ ಕಾಯಿಕೊರಕಕ್ಕೆ ಎಣ್ಣೆ ಹೊಡೆಯುವುದು ಕಡಿಮೆಯಾಯಿತು. ಆದರೆ ಹೇನು, ಜಿಗಿಹುಳದಂಥ ರಸ ಹೀರುವವಕ್ಕೆ ಬಿಟಿ ತಟ್ಟುವುದಿಲ್ಲ, ಅವಕ್ಕೆ ಹೊಡೆಯುವ ಎಣ್ಣೆಗೆ ಗುಲಗಂಜಿಯೂ ಹೋಗುತ್ತದೆ. ಕರಪತ್ರದಲ್ಲಿ ಕೆಂಪು ಹುಳುವಿನ ಚಿತ್ರ ಚಿಕ್ಕದಾದರೂ ಪರವಾಗಿಲ್ಲ, ಮರಿಯದನ್ನು ದೊಡ್ಡದಾಗಿ ಹಾಕಿ, ಎಣ್ಣೆ ಅಂಗಡಿಯ ಗೋಡೆಗೇ ಅಂಟಿಸಬೇಕು.