ವಿಷಯದ ಚಿತ್ರ ನೋಡಿ ಪುಸ್ತಕ ಹುಡುಕುವುದು: ಗ್ರಂಥಾಲಯ ವಿಜ್ಞಾನ ಓದುವವರಿಗೆ ಡಿಜಿಟಲ್ ಗ್ರಂಥಾಲಯದ ಟಿಪ್ಪಣಿ

ಡಿಜಿಟಲ್ ಗ್ರಂಥಾಲಯದಲ್ಲಿ ಸರ್ಚ್ ಬಾಕ್ಸ್ ಇದ್ದೇ ಇರುತ್ತದೆ. ಆದರೆ ಯಾವ ಪದ ಹಾಕಬೇಕು ಅಂತಲೇ ಗೊತ್ತಿಲ್ಲದವರು ಏನು ಮಾಡಬೇಕು? ಕಪಾಟಿನ ಮುಂದೆ ನಿಂತರೆ ಅಕ್ಕಪಕ್ಕದ ಪುಸ್ತಕಗಳೂ ಕಣ್ಣಿಗೆ ಬೀಳುತ್ತವೆ. ಪರದೆಯ ಮೇಲೆ ಹಾಗೆ ಕಣ್ಣಾಡಿಸಲಿಕ್ಕೆ ಚಿತ್ರರೂಪದ ಸಾಧನಗಳು ಬಂದವು. ಇವೆಲ್ಲ ಹುಟ್ಟುವುದು ಕ್ಯಾಟಲಾಗಿನಿಂದ. ಕ್ಯಾಟಲಾಗಿನಲ್ಲಿ ವಿಷಯ ಸರಿಯಾಗಿ ದಾಖಲಾಗದಿದ್ದರೆ ಚಿತ್ರದಲ್ಲೂ ಅದು ಕಾಣುವುದಿಲ್ಲ. ಈ ಪಾಠದ ತಿರುಳು ನನ್ನ ಪ್ರಕಾರ ಇಷ್ಟೇ.

ಮೊದಲು ಟ್ರೀಮ್ಯಾಪ್. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬೆನ್ ಶ್ನೈಡರ್‌ಮನ್ 1990ರ ಸುಮಾರಿಗೆ ಇದನ್ನು ರೂಪಿಸಿದರು. ಹಾರ್ಡ್ ಡಿಸ್ಕಿನ ಜಾಗವನ್ನು ಯಾವ ಫೈಲುಗಳು ತಿನ್ನುತ್ತಿವೆ ಅಂತ ನೋಡುವುದು ಆಗಿನ ಉದ್ದೇಶ. ಒಂದು ದೊಡ್ಡ ಆಯತ, ಅದರೊಳಗೆ ವಿಷಯಕ್ಕೊಂದು ಚಿಕ್ಕ ಆಯತ, ಅದರೊಳಗೆ ಉಪವಿಷಯ. ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಆಯತದ ಅಳತೆ ಯಾವುದರ ಲೆಕ್ಕ?

ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ವರ್ಗೀಕರಣವನ್ನೇ ತೆಗೆದುಕೊಳ್ಳಿ. 1876ರಲ್ಲಿ ಬಂದದ್ದು. ಸಾಹಿತ್ಯಕ್ಕೆ 800. ಅದರಲ್ಲಿ 810 ಅಮೆರಿಕದ್ದು, 820 ಇಂಗ್ಲಿಷ್, 830 ಜರ್ಮನ್, 840 ಫ್ರೆಂಚ್. ಹೀಗೇ 880ರವರೆಗೆ ಯುರೋಪಿನ ಭಾಷೆಗಳು, ಉಳಿದ ಭಾಷೆಗಳೆಲ್ಲ 890ರಲ್ಲಿ ಒಟ್ಟಿಗೆ. ಅಲ್ಲಿಂದ 894, 894.8 ಅಂತ ಇಳಿದು ಹೋದರೆ 894.814ರಲ್ಲಿ ಕನ್ನಡ, 894.812ರಲ್ಲಿ ಮಲಯಾಳ. ಪ್ರತಿ ವರ್ಗಕ್ಕೂ ಸಮಪಾಲು ಕೊಟ್ಟು ಚಿತ್ರ ಬರೆದರೆ ಕನ್ನಡ ಸಾಹಿತ್ಯ ಒಂದು ಚುಕ್ಕೆಯಷ್ಟಾಗುತ್ತದೆ. ಪುಸ್ತಕಗಳ ಸಂಖ್ಯೆಗೆ ತಕ್ಕಂತೆ ಬರೆದರೆ, ನಮ್ಮ ಕಾಸರಗೋಡಿನ ಯಾವುದೇ ಕನ್ನಡ ಸಂಗ್ರಹದಲ್ಲಿ ಅದೇ ಚುಕ್ಕೆ ಪರದೆಯ ಬಹುಪಾಲು ತುಂಬುತ್ತದೆ. ಪುಸ್ತಕಗಳು ಅವೇ, ನೋಟ ಪೂರ್ತಿ ಬೇರೆ.

ಹೈಪರ್ಬಾಲಿಕ್ ಟ್ರೀ 1990ರ ದಶಕದಲ್ಲಿ ಝೆರಾಕ್ಸ್ ಕಂಪನಿಯ ಪಾರ್ಕ್ (PARC) ಸಂಶೋಧನಾ ಕೇಂದ್ರದಲ್ಲಿ ಹುಟ್ಟಿತು. ನಡುವಿನ ವಿಷಯ ದೊಡ್ಡದಾಗಿ, ಅಂಚಿನವು ಕುಗ್ಗಿ ಕಾಣುತ್ತವೆ. ಅಂಚಿನದನ್ನು ಎಳೆದು ನಡುವೆ ತರಬಹುದು. ಆದರೆ ಅಂಚಿನಲ್ಲಿ ಏನಿದೆ ಅಂತ ಗೊತ್ತಿದ್ದರೆ ತಾನೇ ಎಳೆಯುವುದು? ಆಳದಲ್ಲಿರುವ ನಮ್ಮ ವಿಷಯಗಳಿಗೆ ಇದು ಅಷ್ಟಾಗಿ ಒಗ್ಗುವುದಿಲ್ಲ.

ಮರದಂಥ ಚಿತ್ರಗಳಿಗೆಲ್ಲ ಇನ್ನೊಂದು ತೊಡಕಿದೆ. ಅಲ್ಲಿ ಒಂದು ಪುಸ್ತಕಕ್ಕೆ ಒಂದೇ ಕೊಂಬೆ. ಯಕ್ಷಗಾನ ನೋಡಿ. ಪ್ರಸಂಗದ ಪುಸ್ತಕ ಕನ್ನಡ ನಾಟಕದ ಕೆಳಗೆ, 894.8142ಕ್ಕೆ ಹೋಗಬಹುದು. ಪ್ರದರ್ಶನದ ಬಗ್ಗೆ ಬರೆದದ್ದು 792ಕ್ಕೆ, ಚೆಂಡೆ ಮದ್ದಳೆಯ ಪುಸ್ತಕ 780ಕ್ಕೆ. ಯಕ್ಷಗಾನ ಓದಲು ಬಂದವರು ಮೂರು ಕೊಂಬೆ ಹತ್ತಿ ಇಳಿಯಬೇಕು.

ಇದಕ್ಕೆ ಉತ್ತರ ಊರು, ಕಥೆ, ಕಲೆ ಎಂಬಂಥ ಮುಖಗಳ ಪ್ರಕಾರ ಸೋಸುವುದು, ಅಂದರೆ ಫ್ಯಾಸೆಟ್ ಬ್ರೌಸಿಂಗ್. ತಮಿಳುನಾಡಿನ ಶೀಯಾಳಿಯಲ್ಲಿ ಹುಟ್ಟಿದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1933ರ ಕೋಲನ್ ವರ್ಗೀಕರಣದಲ್ಲೇ ವಿಷಯವನ್ನು ಮುಖಗಳಾಗಿ ಬಿಡಿಸಿದ್ದರು. ವ್ಯಕ್ತಿತ್ವ, ದ್ರವ್ಯ, ಶಕ್ತಿ, ಸ್ಥಳ, ಕಾಲ ಎಂಬ ಐದು ಮೂಲ ವರ್ಗಗಳು ಪರೀಕ್ಷೆಗೆ ಬೇಕೇ ಬೇಕು. ಅದೇ ಬಗೆಯ ಆಲೋಚನೆಯನ್ನು ಪರದೆಗೆ ತಂದ ಹೆಸರಾಂತ ಪ್ರಯತ್ನ ಬರ್ಕ್ಲಿಯ ಮಾರ್ಟಿ ಹರ್ಸ್ಟ್ ಅವರ ಫ್ಲಮೆಂಕೊ ಎಂಬ ಹುಡುಕಾಟದ ತಂತ್ರಾಂಶ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳು ಹೀಗೆ ಸೋಸುವ ಕ್ಯಾಟಲಾಗಿನಲ್ಲಿ 'ಕುಂಬಳೆ' ಒತ್ತಿದರೂ ಸಿಗುತ್ತವೆ, 'ರಾಮಾಯಣ' ಒತ್ತಿದರೂ ಸಿಗುತ್ತವೆ, 'ಯಕ್ಷಗಾನ' ಒತ್ತಿದರೂ ಸಿಗುತ್ತವೆ. ಪ್ರತಿ ಹೆಸರಿನ ಪಕ್ಕ ಪುಸ್ತಕಗಳ ಸಂಖ್ಯೆ ಇರುವುದರಿಂದ ಖಾಲಿ ಪುಟಕ್ಕೆ ಹೋಗಿ ಸಿಕ್ಕಿಬೀಳುವುದಿಲ್ಲ. ನೋಡಲಿಕ್ಕೆ ಇದು ಸಾದಾ. ಆದರೂ ನಮಗೆ ಇದೇ ಜಾಸ್ತಿ ಉಪಯೋಗ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಶ್ನೈಡರ್‌ಮನ್ 1996ರಲ್ಲಿ ಹೇಳಿದ ಕ್ರಮವನ್ನೂ ಬರೆದಿಟ್ಟುಕೊಳ್ಳಿ: ಮೊದಲು ಇಡೀ ನೋಟ, ಆಮೇಲೆ ಹತ್ತಿರ ಹೋಗಿ ಸೋಸುವುದು, ಕೇಳಿದಾಗ ವಿವರ.

ಸುಮ್ನೆ ಓದಿದರೆ ಇದು ತಲೆಗೆ ಹತ್ತುವುದಿಲ್ಲ, ಮಾಡಿ ನೋಡಿ. ಎಕ್ಸೆಲ್ 2016ರಿಂದ ಟ್ರೀಮ್ಯಾಪ್ ಅದರಲ್ಲೇ ಇದೆ. ನಿಮ್ಮೂರಿನ ಗ್ರಂಥಾಲಯದ ರಿಜಿಸ್ಟರಿನಿಂದ ಮೂರು ಕಾಲಂ ಮಾಡಿ: ಭಾಷೆ, ವಿಷಯ, ಪುಸ್ತಕಗಳ ಸಂಖ್ಯೆ. ಮೂರನ್ನೂ ಆಯ್ದು ಇನ್ಸರ್ಟ್ ಮೆನುವಿನಲ್ಲಿ ಟ್ರೀಮ್ಯಾಪ್ ಒತ್ತಿ. ತುಳು ಪುಸ್ತಕಗಳ ಬಗ್ಗೆ ಮಾತ್ರ ಎಚ್ಚರ. ಕನ್ನಡ ಲಿಪಿ ನೋಡಿ ಯಾರಾದರೂ ಭಾಷೆ 'ಕನ್ನಡ' ಅಂತ ಬರೆದಿದ್ದರೆ, ಚಿತ್ರದಲ್ಲಿ ತುಳುವಿನ ಆಯತವೇ ಇರುವುದಿಲ್ಲ. ಅಂಥವನ್ನು ಪುಸ್ತಕ ತೆರೆದು ನೋಡಿ ತಿದ್ದಿ, ಆಮೇಲೆ ಚಿತ್ರ ಮತ್ತೆ ಬರೆಸಿ.